ಮೋಸದ ಅರ್ಜಿ

ತಾಯಿಯನ್ನು ಎಂಬತ್ತು ಜನರೆದುರು ಕಳ್ಳಿ ಎಂದವನ ಕೈಕೆಳಗೆ ಭವ್ಯಾ ಮತ್ತೂ ಮೂವತ್ತೆಂಟು ದಿನ ಕೆಲಸ ಮಾಡಿದಳು. ಹೊತ್ತಿಗೆ ಸರಿಯಾಗಿ ಬಂದಳು, ಹೊತ್ತಿಗೆ ಸರಿಯಾಗಿ ಹೋದಳು, ಅವನು ಕರೆದಾಗಲೆಲ್ಲ "ಹಾಂ ಸರ್" ಅಂದಳು. ಕಾರವಾರದ ಕೋಡಿಬಾಗ ರಸ್ತೆಯ ಆ ಮಾಳಿಗೆ ಆಫೀಸಿನಲ್ಲಿ ಎಲ್ಲರೂ, ಪಾಪದ ಹುಡುಗಿ, ಬೇಗ ಮರೆತಳು ಎಂದುಕೊಂಡರು. ಮರೆಯಲಿಕ್ಕೆ ಅವಳಿಗೇನು ತಲೆ ಕೆಟ್ಟಿತ್ತೇ? ಬೆಳಗ್ಗೆ ಅಂಕೋಲೆಯಲ್ಲಿ ಬಸ್ಸು ಹತ್ತುವಾಗ ಒಮ್ಮೆ, ಸಂಜೆ ಇಳಿಯುವಾಗ ಒಮ್ಮೆ, ದಿನಕ್ಕೆರಡು ಬಾರಿ ಆ ಮಾತನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಳು, ತಳ ಹಿಡಿಯದ ಹಾಗೆ.

ಆದದ್ದು ಇಷ್ಟು. ಒಂದು ಟ್ರಸ್ಟು ಅಂಕೋಲೆಯಲ್ಲಿ ತರಕಾರಿ ಮಾರುವವರಿಗೆಂದು ಹೊಸ ಮಾರುಕಟ್ಟೆ ಕಟ್ಟಿಸಿತು. ಮೇಲೆ ತಗಡು, ಕೆಳಗೆ ನಲವತ್ತು ಸಿಮೆಂಟಿನ ಕಟ್ಟೆ, ಪ್ರತಿ ಕಟ್ಟೆಯ ಅಡಿಯಲ್ಲಿ ಬೀಗ ಹಾಕುವ ಪೆಟ್ಟಿಗೆ. ಬಿಸಿಲಿಗೂ ಮಳೆಗೂ ರಸ್ತೆ ಬದಿಯಲ್ಲೇ ಕೂತು ಸೊಂಟ ಹಿಡಿದುಹೋದವರಿಗೆ ಅದು ಅರಮನೆ. ಭವ್ಯಾಳ ತಾಯಿ ಬೊಮ್ಮಿ ಮೂವತ್ತು ವರ್ಷದಿಂದ ಅಲ್ಲಿ ಬಸಳೆ, ಹರಿವೆ, ಮೊಗೆಕಾಯಿ ಮಾರಿದವಳು. ಅವಳಿಗೆ ಸಿಗದೆ ಇನ್ನು ಯಾರಿಗೆ ಸಿಗಬೇಕು? ಅರ್ಜಿಯನ್ನು ಮೊಬೈಲಿನಿಂದ ಕಳಿಸಬೇಕು, ಮೊದಲು ಬಂದ ನಲವತ್ತು ಮಂದಿಗೆ ಕಟ್ಟೆ. ಆ ಅರ್ಜಿ ತೆಗೆದುಕೊಳ್ಳುವ ವೆಬ್ ಅಪ್ಲಿಕೇಶನ್ ಮಾಡುವ ಕಾಂಟ್ರಾಕ್ಟು ಸಂಕೇತ ತಳೇಕರನಿಗೆ ಸಿಕ್ಕಿತು. ಭವ್ಯಾ ಅವನ ಆಫೀಸಿನ ಪ್ರೋಗ್ರಾಮರ್.

ಅರ್ಜಿ ಬಂತೆಂದರೆ ಸೀದಾ ಒಳಗೆ ಹೋಗುವುದಿಲ್ಲ. ಬಾಗಿಲಲ್ಲಿ ಫಿಲ್ಟರುಗಳು ಕಾದಿರುತ್ತವೆ. ಒಂದೊಂದೂ ಒಂದೊಂದು ವಿಚಾರಣೆ ಮಾಡುತ್ತದೆ, ಸರಿಬರದಿದ್ದರೆ ಅಲ್ಲಿಂದಲೇ ವಾಪಸು. ಇಲ್ಲಿ ಎರಡಿದ್ದವು. ಮೊದಲನೆಯದು, ಒಬ್ಬರಿಗೆ ಒಂದೇ ಅರ್ಜಿ: ಅರ್ಜಿದಾರರ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ಈ ಮೂರೂ ಹೊಂದುವ ಅರ್ಜಿ ಮೊದಲೇ ಬಂದಿದ್ದರೆ ಹೊಸದನ್ನು ಹಿಂದೆ ತಳ್ಳುವುದು. ಎರಡನೆಯದು, ಅಂಕೋಲಾ ತಾಲೂಕಿನವರಿಗೆ ಮಾತ್ರ. ಯಾವ ಫಿಲ್ಟರು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದು ಒಂದು ಕಾನ್ಫಿಗರೇಶನ್ ಫೈಲಿನಲ್ಲಿರುತ್ತದೆ. ಫಿಲ್ಟರಿನ ಹೆಸರಿನ ಮುಂದೆ ಆನ್ ಎಂದಿದ್ದರೆ ಅದಕ್ಕೆ ಎಚ್ಚರ, ಆಫ್ ಎಂದಿದ್ದರೆ ನಿದ್ದೆ. ಆ ಒಂದು ಶಬ್ದ ಬದಲಿಸಿ ಅಪ್ಲಿಕೇಶನ್ನನ್ನು ಮತ್ತೆ ಚಾಲೂ ಮಾಡಿದರೆ ಮುಗಿಯಿತು, ಒಂದು ನಿಮಿಷದ ಕೆಲಸ.

ಮೊದಲನೇ ಫಿಲ್ಟರಿನ ಬಗ್ಗೆ ಭವ್ಯಾ ಆಗಲೇ ಎಚ್ಚರಿಸಿದ್ದಳು. ಅವಳ ಕೊಪ್ಪದಲ್ಲಿ, ಅಂದರೆ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಅಜ್ಜಿಯ ಹೆಸರು ಮೊಮ್ಮಗಳಿಗೆ, ಅಜ್ಜನ ಹೆಸರು ಮೊಮ್ಮಗನಿಗೆ. ಭವ್ಯಾ, ಕವಿತಾ ಎಂಬ ಹೆಸರೆಲ್ಲ ಮೊನ್ನೆ ಮೊನ್ನೆ ಬಂದವು. ಹಾಗಾಗಿ ಮಂಜಗುಣಿ ರಸ್ತೆಯ ಆ ಒಂದೇ ಕೊಪ್ಪದಲ್ಲಿ 'ಬೊಮ್ಮಿ ಕೋಂ ನಾಗ ಗೌಡ' ಎಂದು ನಾಲ್ಕು ಜನ. ನಾಲ್ವರ ಗಂಡಂದಿರೂ ನಾಗ. ಊರವರಿಗೇನೂ ತೊಡಕಿಲ್ಲ. ಬಾವಿಮನೆ ಬೊಮ್ಮಿ, ಮೂಲೆಮನೆ ಬೊಮ್ಮಿ, ಹೊಸಮನೆ ಬೊಮ್ಮಿ, ಅಡ್ಡಮನೆ ಬೊಮ್ಮಿ ಎಂದರೆ ಯಾರು ಯಾರೆಂದು ಸಣ್ಣ ಮಕ್ಕಳಿಗೂ ಗೊತ್ತು. ಭವ್ಯಾಳ ತಾಯಿ ಬಾವಿಮನೆಯವಳು. ಅರ್ಜಿಯಲ್ಲಿ ಮಾತ್ರ ಮನೆ ಹೆಸರಿಗೆ ಜಾಗ ಇರಲಿಲ್ಲ.

"ಸರ್, ಮನೆ ಹೆಸರು ಹಾಕೂಕೆ ಒಂದು ಜಾಗ ಕೊಡ್ವಾ. ಇಲ್ದಿದ್ರೆ ಈ ಫಿಲ್ಟರ್ ಆಫ್ ಇಡ್ವಾ," ಅಂದಿದ್ದಳು ಭವ್ಯಾ.

"ನಾಲ್ಕು ಬೊಮ್ಮಿ?" ಸಂಕೇತ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕಿದ್ದ. "ನಿಮ್ಮೋರಿಗೆ ಹೆಸರಿಗೂ ಬರಗಾಲನಾ? ಇರ್ಲಿ ಬಿಡು, ಆಮೇಲೆ ನೋಡ್ವಾ."

ಆಮೇಲೆ ನೋಡಿದವರು ಯಾರು? ಮೂಲೆಮನೆ ಬೊಮ್ಮಿಯ ಅರ್ಜಿ ಮೊದಲು ಹೋಯಿತು, ಉಳಿದ ಮೂವರದ್ದು ವಾಪಸು ಬಂತು. ನಾವೇ ಎಲ್ಲೋ ತಪ್ಪಿ ಒತ್ತಿರಬೇಕು ಎಂದುಕೊಂಡು ಆ ಹೆಂಗಸರು ಭವ್ಯಾಳಿಗೂ ಹೇಳದೆ ಕೊಪ್ಪದ ಯಾರ್‍ಯಾರದೋ ಕೈಲಿ ಮತ್ತೆ ಮತ್ತೆ ಕಳಿಸಿದರು. ಒಟ್ಟು ಹದಿನಾಲ್ಕು ಸಲ. ಮರುವಾರ ಹೊಸ ಮಾರುಕಟ್ಟೆಯಲ್ಲೇ ಸಭೆ. ಟ್ರಸ್ಟಿನ ಕಾರ್ಯದರ್ಶಿ ಕಮಲಾಕರ ಹೆಗಡೇರು, ಸುಂಕಸಾಳದವರು, ನಿಯಮವೆಂದರೆ ದೇವರ ಮಾತು ಅನ್ನುವ ಮನುಷ್ಯ, ಇದೇನು ಒಂದೇ ಹೆಸರಿನಲ್ಲಿ ಹದಿನಾಲ್ಕು ಅರ್ಜಿ ಎಂದು ಕೇಳಿದರು. ತಪ್ಪು ನಮ್ಮ ಫಿಲ್ಟರಿನದು ಅಂದರೆ ಕಾಂಟ್ರಾಕ್ಟು ಕೈಬಿಟ್ಟು ಹೋದೀತು. ಸಂಕೇತ ಎದ್ದು ನಿಂತ.

"ಒಂದೇ ಹೆಸರು ಹೇಳಿ ನಾಲ್ಕು ಕಟ್ಟೆ ಹೊಡೀಲಿಕ್ಕೆ ನೋಡಿದಾರೆ ಸರ್. ನಮ್ಮ ಫಿಲ್ಟರ್ ಇದ್ದದ್ದಕ್ಕೆ ಕಳ್ಳಿಯರು ಸಿಕ್ಕಿಬಿದ್ರು. ನಮ್ಮ ಆಫೀಸಿನ ಹುಡುಗಿಯ ತಾಯಿನೇ ಒಬ್ಳು, ಅದನ್ನೂ ನಾನು ಮುಚ್ಚಿಡೂದಿಲ್ಲ."

ಬೊಮ್ಮಿ ಕೊರಳಿನ ಮಣಿಸರಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ಕುಗ್ಗಿದಳು. "ನಾ ಕದ್ದವ್ಳಲ್ಲ ಒಡ್ಯಾ," ಎಂದು ಒಂದೇ ಸಲ ಹೇಳಿದಳು, ಅದೂ ಹೆಗಡೇರ ಕಾಲು ನೋಡಿಕೊಂಡು. ಅವಳ ಪರವಾಗಿ ಕೂಗಾಡಿದವಳು ತಂಗಿ ತಿಮ್ಮಿ ಒಬ್ಬಳೇ. ಕಾರವಾರ ತಾಲೂಕಿನ ಕದ್ವಾಡಕ್ಕೆ ಮದುವೆಯಾಗಿ ಹೋದರೂ ಇಪ್ಪತ್ತು ವರ್ಷದಿಂದ ದಿನಾ ಬಸ್ಸು ಹತ್ತಿ ಬಂದು ಅಕ್ಕನ ಮಗ್ಗುಲಲ್ಲೇ ಕೂತು ವ್ಯಾಪಾರ ಮಾಡುವವಳು. "ನನ್ನಕ್ಕ ಕಳ್ಳಿ ಅಂದವ್ನ ನಾಲ್ಗೆ ಬಿದ್ದೋಗ್ಲಿ!" ಎಂದು ಅವಳು ಕೂಗಿದ್ದಕ್ಕೆ ಜನ ನಕ್ಕರು. ಭವ್ಯಾ ಎದ್ದು ಫಿಲ್ಟರಿನ ಕತೆ ಹೇಳಹೊರಟಳು. ಹೆಗಡೇರು ಕೈ ಎತ್ತಿ ತಡೆದರು. "ನಿಮ್ಮ ತಾಯಿ ವಿಷಯ ಅಂದ್ಮೇಲೆ ನಿಮ್ಮ ಮಾತು ನಡೆಯೂದಿಲ್ಲ ತಂಗಿ." ನಾಲ್ಕೂ ಬೊಮ್ಮಿಯರ ಹೆಸರು ಹೊಡೆದುಹಾಕಿದರು.

ಅಂದಿನಿಂದ ಬೊಮ್ಮಿ ಪೇಟೆಗೆ ಹೋಗಲಿಲ್ಲ. ಗಿರಾಕಿಗಳ ಮುಖ ನೋಡಲಾರೆ ಅಂದಳು. ಬೆಳೆದ ಬಸಳೆಯನ್ನು ತಿಮ್ಮಿಯೇ ಒಯ್ದು ಮಾರಿ ಬರುತ್ತಿದ್ದಳು. ಸಂಕೇತನೋ, ಮರುದಿನ ಭವ್ಯಾಳ ಮೇಜಿನ ಹತ್ತಿರ ಬಂದು, "ಮನಸ್ಸಿಗೆ ಹಚ್ಕೋಬೇಡ. ಬಿಸ್ನೆಸ್ ಅಂದ್ರೆ ಹೀಗೇ," ಎಂದು ಒಂದು ಪೊಟ್ಟಣ ಬನ್ಸ್ ಇಟ್ಟು ಹೋದ. ಭವ್ಯಾ ಅದನ್ನು ಕಿಟಕಿಯ ಕಾಗೆಗಳಿಗೆ ಹಾಕಿದಳು. ಕೆಲಸ ಬಿಟ್ಟು ಎದ್ದು ಹೋಗಬಹುದಿತ್ತು. ಹೋದರೆ ಇವನಿಗೆ ಕಲಿಸುವವರು ಯಾರು?

ಹತ್ತು ದಿನ ಕಳೆದ ಮೇಲೆ ಅವಳಿಗೆ ದಾರಿ ಸಿಕ್ಕಿತು. ಇನ್ನೇನೋ ಸರಿಮಾಡಲು ಆ ಫೈಲು ತೆರೆದವಳು ಎರಡನೇ ಫಿಲ್ಟರಿನ ಮುಂದೆ ಆಫ್ ಎಂದಿರುವುದನ್ನು ಕಂಡಳು. ಫೈಲಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ. ಅರ್ಜಿ ಶುರುವಾಗುವ ಹಿಂದಿನ ದಿನ, ಮಧ್ಯಾಹ್ನ ಮೂರೂಕಾಲಿಗೆ, ಸಂಕೇತ. ಅವಳು ಒಪ್ಪಿಗೆಯಾದ ಪಟ್ಟಿ ತೆಗೆದು ನೋಡಿದಳು. ಕಾರವಾರ ತಾಲೂಕಿನವರು ಹನ್ನೆರಡು ಮಂದಿ ಒಳಗೆ ಬಂದಿದ್ದರು. ಒಂದನೇ ಕಟ್ಟೆ ಸಂಕೇತನ ಅಣ್ಣ ಸಂದೀಪನಿಗೆ, ಎರಡನೆಯದು ಅತ್ತಿಗೆ ನೀತಾಳಿಗೆ. ಉಳಿದವರಲ್ಲಿ ಹೆಚ್ಚಿನವರು ಸಂದೀಪನ ಹಣ್ಣಿನ ಅಂಗಡಿಯ ಪಾಲುದಾರರು, ನೆಂಟರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದದ್ದಲ್ಲದೆ ಬೊಮ್ಮಿಯ ಮೇಲೆ ಹೊರಿಸಿತ್ತು.

ಭವ್ಯಾಳಿಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಇದನ್ನು ಹೆಗಡೇರ ಮನೆಗೆ ಒಯ್ದು ತೋರಿಸಿದ್ದರೆ ನಾಲ್ಕು ಗೋಡೆಯ ಒಳಗೆ ತೀರ್ಮಾನವಾಗುತ್ತಿತ್ತು. ಅದು ಅವಳಿಗೆ ಬೇಡ. ಎಂಬತ್ತು ಜನರೆದುರು ಹೋದ ಮಾನ ಎಂಬತ್ತು ಜನರೆದುರೇ ವಾಪಸು ಬರಬೇಕು. ಬೀಗದ ಕೈ ಹಂಚುವ ದಿನ ಗೊತ್ತಾಗಿತ್ತು. ಒಬ್ಬೊಬ್ಬರೂ ಮುಂದೆ ಬಂದು ಮೊಬೈಲಿನಲ್ಲಿ ಒತ್ತಬೇಕು, ಆ ಕೋರಿಕೆ ತಾಲೂಕಿನ ಫಿಲ್ಟರನ್ನು ದಾಟಿ ಬರಬೇಕು, ದೊಡ್ಡ ಪರದೆಯ ಮೇಲೆ ಹೆಸರೂ ಕಟ್ಟೆ ನಂಬರೂ ಮೂಡಬೇಕು, ಹೆಗಡೇರು ಬೀಗದ ಕೈ ಕೊಡಬೇಕು. ಅಂದು ಬೆಳಗ್ಗೆ ಎರಡನೇ ಫಿಲ್ಟರನ್ನು ಎಬ್ಬಿಸಿಬಿಟ್ಟರೆ?

ಒಂದೇ ತೊಡಕು. ಆ ಹನ್ನೆರಡರಲ್ಲಿ 'ತಿಮ್ಮಿ ಕೋಂ ಬೀರ ಗೌಡ, ಕದ್ವಾಡ' ಎಂದೂ ಇತ್ತು, ಇಪ್ಪತ್ತೆಂಟನೇ ಕಟ್ಟೆ. ತಿಮ್ಮಿ ಊರು ಮರೆಸಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಸಿದ್ದಳು. ತಾಲೂಕಿನ ನಿಯಮ ಇದೆಯೆಂದು ಅವಳಿಗೆ ಹೇಳಿದವರಾರು? ಭವ್ಯಾ ಎರಡು ದಿನ ಯೋಚಿಸಿದಳು. ಹೆಸರು ಕರೆಯುವುದು ನಂಬರಿನ ಪ್ರಕಾರ. ಸಂದೀಪ ಒಂದು, ನೀತಾ ಎರಡು. ಆ ಇಬ್ಬರ ಮರ್ಯಾದೆ ಹೋದ ಕೂಡಲೇ, ಕಂಪ್ಯೂಟರು ಸಿಕ್ಕಿಹಾಕಿಕೊಂಡಿತು ಎಂದು ಹೇಳಿ ಫಿಲ್ಟರನ್ನು ಮಲಗಿಸಿದರಾಯಿತು. ಇಪ್ಪತ್ತೆಂಟು ಬರುವಷ್ಟರಲ್ಲಿ ಚಿಕ್ಕಿಗೆ ಏನೂ ತಟ್ಟುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ವಾಪಸು ಕಳಿಸುವಾಗ ತೋರಿಸುವ ಮಾತೂ ಅದೇ ಫೈಲಿನಲ್ಲಿತ್ತು. 'ಕ್ಷಮಿಸಿ, ಈ ಸೌಲಭ್ಯ ಅಂಕೋಲಾ ತಾಲೂಕಿನವರಿಗೆ ಮಾತ್ರ' ಎಂದು ಯಾರೋ ಸಜ್ಜನರು ಬರೆದಿಟ್ಟಿದ್ದರು. ಇವರಿಗೆಂಥ ಕ್ಷಮೆ? ಅಂದು ಬೆಳಗ್ಗೆ ಮಾರುಕಟ್ಟೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವಳು ಅದನ್ನು ಅಳಿಸಿ, 'ಮೋಸದ ಅರ್ಜಿ. ಕಟ್ಟೆ ಇಲ್ಲ' ಎಂದು ಬರೆದಳು. ಆಫ್ ಇದ್ದದ್ದನ್ನು ಆನ್ ಮಾಡಿ ಅಪ್ಲಿಕೇಶನ್ ಚಾಲೂ ಮಾಡಿದಳು. ತಾಯಿಯನ್ನು ಅವಳೇ ಒತ್ತಾಯ ಮಾಡಿ ಕರೆತಂದಿದ್ದಳು. ಬೊಮ್ಮಿ ಹಿಂದಿನ ಸಾಲಿನಲ್ಲಿ, ಸೆರಗು ತಲೆಯ ಮೇಲೆಳೆದುಕೊಂಡು ಕೂತಿದ್ದಳು.

ಹೆಗಡೇರು ಮೈಕಿನಲ್ಲಿ ಹೇಳಿದರು. "ಅಕ್ಷರ ಬರದವ್ರು ಇದ್ದಾರೆ. ಪರದೆ ಮೇಲೆ ಬಂದದ್ದನ್ನ ಜೋರಾಗಿ ಓದಿ ಹೇಳಿ ತಂಗಿ."

ಸಂದೀಪ ಇಸ್ತ್ರಿ ಅಂಗಿ ತೊಟ್ಟು ಬಂದು, ಫೋಟೋದವನ ಕಡೆ ತಿರುಗಿ ಮೊಬೈಲು ಒತ್ತಿದ. ಪರದೆ ಕೆಂಪಾಯಿತು. ಭವ್ಯಾ ಎದ್ದು ನಿಂತು ಒಂದೊಂದೇ ಅಕ್ಷರ ಬಿಡಿಸಿ ಓದಿದಳು. "ಸಂದೀಪ ತಳೇಕರ. ಮೋಸದ ಅರ್ಜಿ. ಕಟ್ಟೆ ಇಲ್ಲ."

ನೀತಾ ಗಂಡನನ್ನು ಬದಿಗೆ ಸರಿಸಿ ತಾನೂ ಒತ್ತಿದಳು. ಮತ್ತೆ ಕೆಂಪು. ಭವ್ಯಾ ಮತ್ತೆ ಓದಿದಳು, ಈ ಸಲ ಇನ್ನೂ ಗಟ್ಟಿಯಾಗಿ. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು, ಆಮೇಲೆ ಹಿಡಿಯುವವರಿಲ್ಲ. "ಕಿತೆಂ ಜಾಲೆಂ ರೇ? ಏನಾಯ್ತೋ ಇದು?" ಎಂದು ಸಂದೀಪ ತಮ್ಮನ ಮೇಲೆ ಹರಿಹಾಯ್ದ. ಮುಂದಿನ ಸಾಲಿನಲ್ಲಿದ್ದ ಸಂಕೇತ ಎದ್ದು ಓಡಿಬಂದು ಲ್ಯಾಪ್‌ಟಾಪಿಗೆ ಕೈಹಾಕಿದ. "ಬಂದ್ ಮಾಡು! ಫಿಲ್ಟರ್ ಆಫ್ ಮಾಡು ಮೊದ್ಲು!"

"ಯಾವ ಫಿಲ್ಟರ್ ಸರ್?" ಭವ್ಯಾ ಮೈಕಿಗೆ ಕೇಳುವಂತೆ ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗಾಯಿತು. ಹೆಗಡೇರು ಕನ್ನಡಕ ಸರಿಮಾಡಿಕೊಂಡು ಬಂದರು. ಏನಿದು ಆನು, ಆಫು? ಭವ್ಯಾ ಫೈಲನ್ನೇ ಪರದೆಯ ಮೇಲೆ ಹಾಕಿ ತೋರಿಸಿದಳು. ಇದು ತಾಲೂಕಿನ ನಿಯಮ. ಇದನ್ನು ಆಫ್ ಮಾಡಿದ್ದು ಇಂಥ ದಿನ, ಮೂರೂಕಾಲಿಗೆ, ಇಂಥವರು. ಜನ ಸಂಕೇತನ ಹೆಸರನ್ನು ತಾವೇ ಓದಿಕೊಂಡರು. ಹೆಗಡೇರು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ, "ಹಾಗಾದ್ರೆ ಆ ಬೊಮ್ಮಿಯರ ವಿಷಯ?" ಅಂದರು.

"ನಾಲ್ಕು ಬೊಮ್ಮಿಯರೂ ಇಲ್ಲೇ ಇದ್ದಾರೆ. ಕರೀರಿ. ಎಣಿಸಿ ನೋಡಿ."

ನಾಲ್ವರೂ ಬಂದು ಸಾಲಾಗಿ ನಿಂತರು. ಒಬ್ಬಳು ಉದ್ದ, ಒಬ್ಬಳು ಗಿಡ್ಡ, ಒಬ್ಬಳಿಗೆ ಹಲ್ಲಿಲ್ಲ, ಒಬ್ಬಳು ಬಾವಿಮನೆಯವಳು. ಹೆಗಡೇರು ಹೆಸರು ಕೇಳುತ್ತ ಬಂದರು, ಬೊಮ್ಮಿ, ಬೊಮ್ಮಿ, ಬೊಮ್ಮಿ, ಬೊಮ್ಮಿ. ಜನ ಬಿದ್ದು ಬಿದ್ದು ನಕ್ಕರು, ಆದರೆ ಈ ಸಲದ ನಗೆಯಲ್ಲಿ ವಿಷವಿರಲಿಲ್ಲ. ಹೆಗಡೇರು ಎಲ್ಲರೆದುರು ಕೈಮುಗಿದರು. "ತಪ್ಪಾಯ್ತು ತಾಯಂದಿರಾ." ಸಂದೀಪನ ಒಂದನೇ ಕಟ್ಟೆಯ ಬೀಗದ ಕೈಯನ್ನು ಭವ್ಯಾಳ ತಾಯಿಯ ಕೈಯಲ್ಲಿಟ್ಟರು. ಉಳಿದ ಮೂವರಿಗೂ ಹೊರಗಿನವರಿಂದ ಬಿಡಿಸಿಕೊಂಡ ಕಟ್ಟೆಗಳನ್ನೇ ಕೊಡುವುದಾಗಿ ಹೇಳಿದರು. ಸಂಕೇತನ ಕಾಂಟ್ರಾಕ್ಟು ಇವತ್ತಿಗೆ ಮುಗಿಯಿತು ಎಂದೂ ಮೈಕಿನಲ್ಲೇ ಹೇಳಿದರು. ಬೊಮ್ಮಿ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಗಳ ಕಡೆ ನೋಡಿ ನಕ್ಕಳು. ಭವ್ಯಾಳಿಗೆ ಮೂವತ್ತೆಂಟು ದಿನದ ಹಸಿವು ಒಂದೇ ತುತ್ತಿಗೆ ಹಿಂಗಿತು. ಸೇಡು ಇಷ್ಟು ಸಿಹಿ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೆಲ್ಲಗೆ ಕೂತು ಫೈಲಿನತ್ತ ಕೈ ಚಾಚಿದಳು. "ಸ್ವಲ್ಪ ಸಿಕ್ಕಿಹಾಕ್ಕೊಂಡದೆ ಸರ್, ಒಂದ್ಸಲ ಬಂದ್ ಮಾಡಿ..."

"ಮುಟ್ಟಬೇಡಿ!" ಹೆಗಡೇರು ಅಂದರು. "ಈ ಮುಟ್ಟಿದ್ದರಿಂದಲೇ ಇಷ್ಟೆಲ್ಲ ಆದದ್ದು. ಇನ್ನು ಆ ಫೈಲಿಗೆ ನೀವೂ ಸೇರಿ ಯಾರೂ ಕೈಹಚ್ಚಬಾರದು. ಇದ್ದ ಹಾಗೇ ಕಡೇತನಕ ನಡೀಲಿ."

ಮೂರು, ನಾಲ್ಕು, ಐದು. ಹಸಿರು ಬಂದಾಗ ಚಪ್ಪಾಳೆ, ಕೆಂಪು ಬಂದಾಗ ಜನ ಎದ್ದು ನಿಂತು "ಕಳ್ಳ! ಕಳ್ಳ!" ಎಂದು ಕೂಗುವುದು. ಅವರಿಗೆ ರುಚಿ ಹತ್ತಿತ್ತು. ಭವ್ಯಾ ಓದುತ್ತ ಹೋದಳು, ದನಿ ಮಾತ್ರ ಸಣ್ಣದಾಗುತ್ತ ಬಂತು. ತಿಮ್ಮಿ ಇನ್ನೂ ಬಂದಿರಲಿಲ್ಲ, ಬರದಿರಲಿ, ಬಸ್ಸು ತಪ್ಪಲಿ ಎಂದು ಅವಳು ವೆಂಕಟರಮಣನಿಗೆ ಹರಕೆ ಹೊತ್ತಳು. ಇಪ್ಪತ್ತಾರು ಮುಗಿಯುವಾಗ ತಿಮ್ಮಿ ತಲೆಯ ಮೇಲೆ ಬುಟ್ಟಿ ಹೊತ್ತು ಬಾಗಿಲಲ್ಲಿ ಕಂಡಳು.

ಬೇಕಿದ್ದರೆ ಈಗಲೂ ಹೇಳಬಹುದಿತ್ತು. ಇವಳು ಇಪ್ಪತ್ತು ವರ್ಷ ಇಲ್ಲೇ ಕೂತವಳು, ಇವಳೊಬ್ಬಳಿಗೆ ಬಿಟ್ಟುಬಿಡಿ ಎಂದು. ಸಂಕೇತ ಹೋಗಿರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದವನು ಅವಳ ಕಿವಿಯ ಹತ್ತಿರ ಬಗ್ಗಿದ. ಪಟ್ಟಿ ಅವನಿಗೂ ಗೊತ್ತಿತ್ತು. "ನಿನ್ನ ಚಿಕ್ಕಿ ಅಲ್ವಾ? ಕೇಳು ಹೆಗಡೇರತ್ರ, ನಮ್ಮೋರಿಗೆ ಮಾತ್ರ ಆಫ್ ಮಾಡ್ಲಾ ಅಂತ. ಕೇಳೇ!"

ಅವಳು ಕೇಳಲಿಲ್ಲ. ಕೇಳಿದರೆ ಗೆದ್ದದ್ದೆಲ್ಲ ಇವನ ಪಾಲಾಗುತ್ತಿತ್ತು.

ತಿಮ್ಮಿ ಬುಟ್ಟಿ ಇಳಿಸಿ ಮೊಬೈಲನ್ನು ಭವ್ಯಾಳ ಕೈಯಲ್ಲಿಟ್ಟಳು. "ನೀನೇ ಒತ್ತು ಮಗಾ. ನಿನ್ನ ಕೈಗುಣ ಒಳ್ಳೇದು."

ಭವ್ಯಾ ಒತ್ತಿದಳು. ಪರದೆ ಕೆಂಪಾಯಿತು. ಜನ ಕೂಗಲು ಎದ್ದವರು ಮುದುಕಿಯನ್ನು ನೋಡಿ ಅರ್ಧಕ್ಕೇ ನಿಂತರು. ಯಾರೋ ಒಬ್ಬರು ಮಾತ್ರ "ಕಳ್ಳಿ!" ಎಂದು ಕೂಗಿಯೇಬಿಟ್ಟರು. ತಿಮ್ಮಿಗೆ ಅದು ಯಾರಿಗೆಂದು ತಿಳಿಯಲಿಲ್ಲ. ಪರದೆ ತುಂಬ ಮೂಡಿದ ದೊಡ್ಡ ಅಕ್ಷರಗಳನ್ನು ಅವಳು ಬಾಯಿ ತೆರೆದು ನೋಡುತ್ತಿದ್ದಳು.

"ಎಷ್ಟು ಚಂದ ಬಂದದೆ! ನನ್ನ ಕಟ್ಟೆ ಎಷ್ಟನೇದು ಮಗಾ? ಓದಿ ಹೇಳು."

"ಓದಿ ತಂಗಿ," ಅಂದರು ಹೆಗಡೇರು.

ಭವ್ಯಾ ಓದಿದಳು. "ತಿಮ್ಮಿ ಕೋಂ ಬೀರ ಗೌಡ. ಮೋಸದ ಅರ್ಜಿ. ಕಟ್ಟೆ ಇಲ್ಲ."

"ಮೋಸವಾ?" ತಿಮ್ಮಿ ನಗುತ್ತಿದ್ದವಳು ಸುತ್ತ ನೋಡಿದಳು. "ನಾ ಯಾರಿಗೆ ಮೋಸ ಮಾಡ್ದೆ? ಅಂವನೇ ಬರ್ದದ್ದಾ ಇದ್ನ? ನಿನ್ನ ಸಾಹೇಬ?"

ಭವ್ಯಾ ಮೊಬೈಲನ್ನು ಚಿಕ್ಕಿಯ ಕೈಗೆ ವಾಪಸು ಕೊಟ್ಟಳು. ಅಷ್ಟರಲ್ಲಿ ಬೊಮ್ಮಿ ಎದ್ದು ಬಂದಿದ್ದಳು. ಅವಳಿಗೂ ಅಕ್ಷರ ಬರುತ್ತಿರಲಿಲ್ಲ. ಅವಳು ಪರದೆ ನೋಡಲಿಲ್ಲ, ಮಗಳ ಮುಖ ನೋಡಿದಳು.

"ಇವ್ಳಿಗೂ ಹೀಂಗೇ ಬತ್ತದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅವ್ವಿ. ಆದ್ರೆ..."

"ಬರ್ದದ್ದು?"

"ನಾನೇ."

ಬೊಮ್ಮಿ ಸೆರಗಿನ ಗಂಟು ಬಿಚ್ಚಿದಳು. ಬಿಗಿಯಾಗಿ ಹಾಕಿದ್ದ ಗಂಟು, ಹಲ್ಲು ಹಚ್ಚಿ ಬಿಚ್ಚಬೇಕಾಯಿತು. ಬೀಗದ ಕೈಯನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. "ನನ್ನ ಕಳ್ಳಿ ಅಂದವ ಬ್ಯಾರೆಯವ. ಅಂದ, ಹೋಗ್ಲಿ. ಇವ್ಳ್ನ ಅಂದವ್ಳು ನನ್ನ ಹೊಟ್ಟೇಲಿ ಹುಟ್ಟಿದವ್ಳು." ತಂಗಿಯ ಬುಟ್ಟಿಯನ್ನೆತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. "ಬಾರೇ ತಿಮ್ಮಿ. ಹೊತ್ತಾಯ್ತು, ಬಸಳೆ ಬಾಡ್ತದೆ." ಇಬ್ಬರೂ ರಸ್ತೆ ಬದಿಗೆ ಹೋಗಿ, ಬಿಸಿಲಲ್ಲಿ, ಚೀಲ ಹಾಸಿ ಕೂತರು.

ಹೆಗಡೇರು ಮೈಕು ಹತ್ತಿರ ಎಳೆದುಕೊಂಡು, "ಮುಂದಿನವರು," ಅಂದರು. ಭವ್ಯಾ ಇಪ್ಪತ್ತೊಂಬತ್ತನೇ ಹೆಸರು ಓದಿದಳು.